ಎಂಟೇ ತಿಂಗಳಿಗೆ ಚಾಕಿನ ಕಪ್ಪು ಕೋಟಿಂಗ್ ಹೋಗುತ್ತಿದೆ, ಇದು ಮಾಮೂಲಾ?

ಮಡಚುಗತ್ತಿ
ಎಲ್ಲರಿಗೂ ನಮಸ್ಕಾರ. ನಾನು ಗೋದಾಮಿನಲ್ಲಿ ಕೆಲಸ ಮಾಡುವವನು. ದಿನಕ್ಕೆ ಏನಿಲ್ಲವೆಂದರೂ ಐವತ್ತು ರಟ್ಟಿನ ಡಬ್ಬ ಬಿಚ್ಚುತ್ತೇನೆ. ಎಂಟು ತಿಂಗಳ ಹಿಂದೆ ಒಂದು ಮಡಚುವ ಚಾಕು ತಗೊಂಡೆ. ಅಲಗು ಪೂರ್ತಿ ಕಪ್ಪು. ಪ್ಯಾಕೆಟ್ ಮೇಲೆ "ಡಿಎಲ್‌ಸಿ, ವಜ್ರದಂತಹ ಗಟ್ಟಿ ಲೇಪ" ಅಂತ ಇತ್ತು. ಅದನ್ನು ಓದಿಯೇ ತಗೊಂಡಿದ್ದು, ಸುಳ್ಳು ಯಾಕೆ ಹೇಳಲಿ.

ಈಗ ನೋಡಿದರೆ ಅಲಗಿನ ಪಕ್ಕದಲ್ಲಿ ಬೂದು ಬಣ್ಣದ ಗೀರುಗಳು. ಕೀಲಿನ ಹತ್ತಿರ ಉಗುರು ಕತ್ತರಿಸಿ ಬಿಸಾಡಿದ ಚೂರಿನ ಹಾಗೆ ಒಂದು ಬಿಳಿ ಕಮಾನು ಗೆರೆ. ಬಾಯಿಯ ಉದ್ದಕ್ಕೆ, ನಾನು ಸಾಣೆ ಹಿಡಿದ ಕಡೆ, ಕಿತ್ತಳೆ ಬಣ್ಣದ ಚುಕ್ಕೆಗಳು. ವಜ್ರಕ್ಕೆ ರಟ್ಟು ಗೀರು ಹಾಕುತ್ತದಾ? ಮೋಸ ಹೋದೆನಾ?

ಬರಿಉಕ್ಕು
ಹೌದು. ಮುಂದಿನ ಪ್ರಶ್ನೆ?

ಕಪ್ಪೇಚೆಂದ
ಶುರುವಾಯಿತು ನೋಡಿ. ನನ್ನ ಹತ್ತಿರ ಆರು ವರ್ಷದ ಕಪ್ಪು ಚಾಕು ಇದೆ. ಇನ್ನೂ ಕಪ್ಪಗೇ ಇದೆ.

ಮೊಂಡಪ್ಪ
ಪ್ಯಾಕೆಟ್‌ನಿಂದ ಹೊರಗೆ ತೆಗೆದಿದ್ದೀರಾ?

ಸಾಣೆಯವ
ಮಡಚುಗತ್ತಿ ಅವರೇ, ನೀವು ಹೇಳಿದ ಮೂರೂ ಬೇರೆ ಬೇರೆ ವಿಷಯ. ಒಂದೇ ಗಂಟು ಕಟ್ಟಬೇಡಿ.

ಕಮಾನು ಗೆರೆ: ನಿಮ್ಮದು ಲೈನರ್ ಲಾಕ್ ಇರಬೇಕು, ಅಂದರೆ ಹಿಡಿಯೊಳಗಿನ ಲೋಹದ ಪಟ್ಟಿ ಬಿಚ್ಚಿದ ಅಲಗಿನ ಬುಡಕ್ಕೆ ಬಂದು ಕೂತು ಅದು ಮಡಚದ ಹಾಗೆ ತಡೆಯುತ್ತದೆ. ಲಾಕ್ ಪಟ್ಟಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಂಡು ಕೂರಿಸಿರುತ್ತಾರೆ, ಡಿಟೆಂಟ್ ಅಂತಾರೆ. ಮಡಚಿದ ಅಲಗು ಜೇಬಿನಲ್ಲಿ ತಾನಾಗೇ ಬಿಚ್ಚಿಕೊಳ್ಳದ ಹಾಗೆ ಹಿಡಿಯುವುದು ಅದೇ. ಬಿಚ್ಚುವಾಗಲೂ ಮಡಚುವಾಗಲೂ ಅದು ಅಲಗಿನ ಬುಡವನ್ನು ಉಜ್ಜಿಕೊಂಡೇ ಓಡಾಡಬೇಕು. ತಿಂಗಳಿಗೆ 25 ದಿನ, ದಿನಕ್ಕೆ 50 ಸಲ ಅಂದರೆ ಎಂಟು ತಿಂಗಳಿಗೆ 10,000 ಸಲ ಬಿಚ್ಚಿದ್ದೀರಿ, 10,000 ಸಲ ಮಡಚಿದ್ದೀರಿ. ಅದೂ ಒಂದೇ ಗೆರೆಯ ಮೇಲೆ. ಗೆರೆ ಬೀಳದೆ ಏನಾಗುತ್ತದೆ? ಅದು ದೋಷ ಅಲ್ಲ, ಹಿಡಿಯ ಒಳಗೆ ಇರುವುದರಿಂದ ಅಷ್ಟಾಗಿ ಕಾಣುವುದೂ ಇಲ್ಲ.

ಕಿತ್ತಳೆ ಚುಕ್ಕೆ: ಸಾಣೆ ಹಿಡಿದ ಕ್ಷಣಕ್ಕೆ ಬಾಯಿಯ ಮೇಲಿನ ಕೋಟಿಂಗ್ ಹೋಯಿತು. ಅಲ್ಲಿ ಈಗ ಬರೀ ಉಕ್ಕು. ಎಷ್ಟೇ ಒಳ್ಳೆಯ ಕೋಟಿಂಗ್ ಇರಲಿ, ಕತ್ತರಿಸುವ ಜಾಗವನ್ನು ಅದು ಕಾಯುವುದಿಲ್ಲ. ಎಷ್ಟೋ ಚಾಕುಗಳಲ್ಲಿ ಫ್ಯಾಕ್ಟರಿಯಲ್ಲೇ ಕೋಟಿಂಗ್ ಆದಮೇಲೆ ಬಾಯಿ ಮಾಡುತ್ತಾರೆ, ಅಂದರೆ ಮೊದಲ ದಿನವೇ ಅಲ್ಲಿ ಏನೂ ಇರಲಿಲ್ಲ.

ಬೂದು ಗೀರು: ಇದೊಂದು ನೋಡಬೇಕಾದ್ದು. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳುತ್ತದಾ, ಜಾರಿಕೊಂಡು ಹೋಗುತ್ತದಾ ಹೇಳಿ.

ಮಡಚುಗತ್ತಿ
ಜಾರುತ್ತದೆ ಸರ್. ಐದು ಗೀರು ಇವೆ. ಎರಡರಲ್ಲಿ ಮಾತ್ರ ಸ್ವಲ್ಪ ಸಿಕ್ಕಿದ ಹಾಗೆ ಆಗುತ್ತದೆ. ಇಲ್ಲ ಅಂತಲೂ ಹೇಳಬಹುದು.

ಸಾಣೆಯವ
ಡಬ್ಬಗಳಿಗೆ ಸ್ಟೇಪ್ಲರ್ ಪಿನ್ ಹೊಡೆದಿರುತ್ತಾರಾ?

ಮಡಚುಗತ್ತಿ
ಕೆಲವಕ್ಕೆ ಇರುತ್ತದೆ. ದಪ್ಪ ಪಿನ್.

ಲೋಹಪಾಠ
ಸಿಕ್ಕಿತು ಕಳ್ಳ. ಜಾರುವ ಮೂರು ಗೀರುಗಳಲ್ಲಿ ಕೋಟಿಂಗ್ ಹೋಗಿಲ್ಲ. ಪಿನ್ನಿನ ಲೋಹ ನಿಮ್ಮ ಕೋಟಿಂಗ್ ಮೇಲೆ ಬಳಿದುಕೊಂಡಿದೆ. ಪಾಟಿಯ ಮೇಲೆ ಬಳಪ ಎಳೆದ ಹಾಗೆ, ಅಷ್ಟೇ. ಸವೆದದ್ದು ಪಾಟಿ ಅಲ್ಲ, ಬಳಪ.

ನಾನು ಡ್ರಿಲ್ ಬಿಟ್, ಅಚ್ಚುಗಳಿಗೆ ಕೋಟಿಂಗ್ ಮಾಡುವ ಕಡೆ ಕೆಲಸ ಮಾಡಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಡಿಎಲ್‌ಸಿ ಅಂದರೆ ವಜ್ರ ಅಲ್ಲ. ಇಂಗಾಲದ ಪರಮಾಣುಗಳು ಅರ್ಧಂಬರ್ಧ ವಜ್ರದ ಹಾಗೆ, ಅರ್ಧಂಬರ್ಧ ಪೆನ್ಸಿಲ್ ಸೀಸದ ಹಾಗೆ ಕೈ ಹಿಡಿದು ಕೂತ ಪದರ. 1971ರಲ್ಲಿ ಐಸೆನ್‌ಬರ್ಗ್ ಮತ್ತು ಶಾಬೊ ಅನ್ನುವ ಇಬ್ಬರು ಅಯಾನು ಕಿರಣ ಬಿಟ್ಟು ಇಂಥ ಪದರ ಮಾಡಿ ತೋರಿಸಿದರು. ನಿರ್ವಾತ ಮಾಡಿದ ಕೋಣೆಯಲ್ಲಿ ಅಲಗನ್ನು ಇಟ್ಟು ಇದನ್ನು ಕೂರಿಸುತ್ತಾರೆ. ದಪ್ಪ ಎಷ್ಟು ಗೊತ್ತಾ? ಸಾಮಾನ್ಯವಾಗಿ 1ರಿಂದ 4 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದರಿಂದ ನಾಲ್ಕು ಪಾಲು. ತಲೆಕೂದಲೇ 70 ಮೈಕ್ರಾನ್ ಆಸುಪಾಸು ಇರುತ್ತದೆ.

ಗಟ್ಟಿತನ ಮಾತ್ರ ನಿಜ. ರಾಕ್‌ವೆಲ್, ವಿಕರ್ಸ್ ಎರಡೂ ಗಟ್ಟಿತನದ ಅಳತೆ. ರಾಕ್‌ವೆಲ್ 60 ಇರುವ ಚಾಕಿನ ಉಕ್ಕು ವಿಕರ್ಸ್ ಅಳತೆಯಲ್ಲಿ 700ರ ಹತ್ತಿರ. ಡಿಎಲ್‌ಸಿ 1,500ರಿಂದ 3,000, ಕೆಲವು ಬಗೆಯವು ಇನ್ನೂ ಜಾಸ್ತಿ. ಮರಳಿನ ಕಣ ಸಾವಿರದ ಆಸುಪಾಸು. ಹಾಗಾಗಿ ರಟ್ಟಿನಲ್ಲಿರುವ ಧೂಳು, ಮಣ್ಣಿನ ಪುಡಿ ಬರಿ ಉಕ್ಕಿಗೆ ಗೀರು ಹಾಕಬಹುದು, ಒಳ್ಳೆಯ ಡಿಎಲ್‌ಸಿಗೆ ಹಾಕುವುದು ಕಷ್ಟ.

ಹಾಗಾದರೆ ಉಗುರು ಸಿಕ್ಕುವ ಆ ಎರಡು ಗೀರು ಎಲ್ಲಿಂದ ಬಂದವು ಅಂತ ಕೇಳುತ್ತೀರಿ. ಮೊಟ್ಟೆಯ ಚಿಪ್ಪು ನೆನಪಿಸಿಕೊಳ್ಳಿ. ಚಿಪ್ಪು ಗಟ್ಟಿಯೇ. ಒಳಗಿನದು ಮೆತ್ತಗೆ. ಬೆರಳಿನಿಂದ ಒತ್ತಿದರೆ ಒಳಗೆ ಆಸರೆ ಇಲ್ಲದೆ ಚಿಪ್ಪು ಬಿರಿಯುತ್ತದೆ. ಚೂಪಾದ ಕಲ್ಲಿನ ಹರಳೋ ಮೊಳೆಯ ತಲೆಯೋ ಜೋರಾಗಿ ಒತ್ತಿದರೆ ಕೆಳಗಿನ ಉಕ್ಕು ತಗ್ಗುತ್ತದೆ, ಮೇಲಿನ 2 ಮೈಕ್ರಾನ್ ಬಿರಿಯುತ್ತದೆ. ಕೋಟಿಂಗ್ ಎಷ್ಟು ಬಾಳುತ್ತದೆ ಅನ್ನುವುದು ಕೆಳಗಿನ ಉಕ್ಕಿನ ಮೇಲೂ ನಿಂತಿದೆ. ಮೆತ್ತನೆಯ ಅಗ್ಗದ ಉಕ್ಕಿನ ಮೇಲೆ ದುಬಾರಿ ಡಿಎಲ್‌ಸಿ ಹಾಕುವುದು ಹಾಸಿಗೆಯ ಮೇಲೆ ಗಾಜಿನ ಹಾಳೆ ಹಾಸಿದ ಹಾಗೆ.

ಮೊಂಡಪ್ಪ
ಮೇಷ್ಟ್ರೇ, ಪರೀಕ್ಷೆ ಯಾವಾಗ?

ಹಿತ್ತಲಮಾಲಿ
ನನ್ನದು ಗಿಡದ ಕೆಲಸದ ಚಾಕು. ಅದೂ ಕಪ್ಪು, ಅದೂ ಮಡಚುವುದೇ. ಆದರೆ ಒಂದೇ ತಿಂಗಳಿಗೆ ಮೊನೆಯ ಹತ್ತಿರ ಗೋಡೆಯ ಹಳೇ ಬಣ್ಣ ಉದುರಿದ ಹಾಗೆ ಚಕ್ಕೆ ಚಕ್ಕೆಯಾಗಿ ಬಂತು. ಅಂಚಿನಲ್ಲಿ ಉಗುರು ಹಾಕಿದರೆ ಇನ್ನೂ ಸಿಪ್ಪೆ ಏಳುತ್ತಿತ್ತು. ಇದು ಯಾವ ಡಿಎಲ್‌ಸಿ?

ಲೋಹಪಾಠ
ಮೇಡಂ, ಅದು ಡಿಎಲ್‌ಸಿ ಅಲ್ಲವೇ ಅಲ್ಲ. ಬಣ್ಣ. ಪೌಡರ್ ಕೋಟಿಂಗ್ ಇರಬೇಕು. ಪುಡಿ ಸಿಂಪಡಿಸಿ ಸುಮಾರು 200 ಡಿಗ್ರಿಯಲ್ಲಿ ಕಾಯಿಸಿ ಕರಗಿಸುತ್ತಾರೆ. 50 ಮೈಕ್ರಾನಿಗಿಂತ ಜಾಸ್ತಿ ದಪ್ಪ. ಮಣ್ಣು ಅಗೆದರೆ ಮರಳು ಕಾಗದ ಉಜ್ಜಿದ ಹಾಗೇ ಲೆಕ್ಕ. ಡಿಎಲ್‌ಸಿ ಹೀಗೆ ಉಗುರಿಗೆ ಸಿಪ್ಪೆ ಏಳುವುದಿಲ್ಲ.

ಆದರೆ ಅದನ್ನು ಬೈಯಬೇಡಿ. ಚಕ್ಕೆ ಏಳದೆ ಉಳಿದಿರುವ ಕಡೆ ತುಕ್ಕು ತಡೆಯುವುದರಲ್ಲಿ ಈ ದಪ್ಪ ಬಣ್ಣವೇ ಎಷ್ಟೋ ವಾಸಿ.

ಬರಿಉಕ್ಕು
ಅಂದರೆ ಉಳಿದರೆ ಕಾಯುತ್ತದೆ, ಆದರೆ ಉಳಿಯುವುದಿಲ್ಲ. ಇದನ್ನೇ ನಾನು ಒಂದೇ ಶಬ್ದದಲ್ಲಿ "ಹೌದು" ಅಂದಿದ್ದೆ.

ಕಪ್ಪೇಚೆಂದ
ನಿಮಗೆ ಟೆಫ್ಲಾನ್ ಗೊತ್ತಿಲ್ಲ ಅನಿಸುತ್ತದೆ. ಎಲ್ಲಕ್ಕಿಂತ ಗಟ್ಟಿ ಕೋಟಿಂಗ್ ಅದು. ಏನೂ ಅಂಟುವುದಿಲ್ಲ.

ಸಾಣೆಯವ
ಅಂಟದಿರುವುದಕ್ಕೂ ಗಟ್ಟಿ ಇರುವುದಕ್ಕೂ ಸಂಬಂಧ ಇಲ್ಲ ಗುರು. ಟೆಫ್ಲಾನ್ ಬಲು ಮೆತ್ತಗೆ. ಬಾಣಲೆಗೆ ಸ್ಟೀಲ್ ಸೌಟು ಹಾಕಬೇಡಿ ಅಂತ ಯಾಕೆ ಹೇಳುತ್ತಾರೆ ಮತ್ತೆ? ಟೇಪಿನ ಗೋಂದು ಅಂಟಬಾರದು ಅನ್ನುವುದಷ್ಟೇ ಬೇಕಿದ್ದರೆ ಟೆಫ್ಲಾನ್ ಚೆನ್ನ. ಬಾಳಿಕೆಯಲ್ಲಿ ಡಿಎಲ್‌ಸಿ ಹತ್ತಿರಕ್ಕೂ ಬರಲ್ಲ.

ಕಪ್ಪೇಚೆಂದ
ಸರಿ, ಅದು ನನಗೆ ಗೊತ್ತಿರಲಿಲ್ಲ. ಆದರೂ ಕಪ್ಪೇ ಚೆಂದ.

ತುಕ್ಕುವೈರಿ
ನಾನು ಸಮುದ್ರದಲ್ಲಿ ಮೀನು ಹಿಡಿಯುವವನು. ಗೀರು ಗೀರು ಅಂತ ಎಲ್ಲರೂ ಮಾತಾಡುತ್ತಿದ್ದೀರಿ, ನನ್ನ ಕಷ್ಟ ಬೇರೆ. ನನ್ನ ಹಳೇ ಚಾಕಿಗೆ ಒಳ್ಳೆಯ ಡಿಎಲ್‌ಸಿ ಇತ್ತು. ಗೀರು ಒಂದೂ ಇಲ್ಲ. ಉಕ್ಕು ಮಾತ್ರ ಡಿ2. ಒಂದು ಸಲ ಉಪ್ಪುನೀರು ಒರೆಸದೆ ಮಡಚಿ ಚೀಲಕ್ಕೆ ಹಾಕಿ ನಾಲ್ಕು ದಿನ ಮರೆತೆ. ಬಿಚ್ಚಿ ನೋಡಿದರೆ ಕಪ್ಪು ಮೈ ಮೇಲೆ ಸೂಜಿಯಿಂದ ಚುಚ್ಚಿದಂತೆ ಕಂದು ಚುಕ್ಕೆಗಳು. ಒರೆಸಿದೆ, ಹೋದವು. ಅದರ ಕೆಳಗೆ ತೂತು ಉಳಿದವು. ಬರಿ ಉಕ್ಕಾಗಿದ್ದರೆ ಮೇಲೆ ಮೇಲೆ ತುಕ್ಕು ಹಿಡಿದು ಉಜ್ಜಿದರೆ ಹೋಗುತ್ತಿತ್ತು. ಇದು ಒಳಕ್ಕೆ ಕೊರೆದಿತ್ತು.

ಲೋಹಪಾಠ
ನಿಮಗಾದದ್ದು ಸರಿಯಾದ ಉದಾಹರಣೆ. ಇಷ್ಟು ತೆಳ್ಳಗಿನ ಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳು ಇದ್ದೇ ಇರುತ್ತವೆ. ಕೋಟಿಂಗ್ ಹಾಕುವಾಗ ಒಂದು ಧೂಳಿನ ಕಣ ಕೂತಿದ್ದರೂ ಸಾಕು. ಇಂಗಾಲದ ಪದರಕ್ಕೆ ಉಪ್ಪುನೀರಿನಲ್ಲಿ ಏನೂ ಆಗುವುದಿಲ್ಲ, ಉಕ್ಕಿಗೆ ಆಗುತ್ತದೆ. ಎರಡೂ ಸೇರಿ ಸಣ್ಣದೊಂದು ಬ್ಯಾಟರಿ ಆಗುತ್ತದೆ, ತೂತಿನಲ್ಲಿ ಕಾಣುವ ಚೂರು ಉಕ್ಕೇ ಅಷ್ಟೂ ಪೆಟ್ಟು ತಿನ್ನುತ್ತದೆ. ಡಿ2ರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು 12% ಇದ್ದರೂ ಒಂದೂವರೆ ಪರ್ಸೆಂಟ್ ಇಂಗಾಲ ಅದರಲ್ಲಿ ಒಂದು ಪಾಲನ್ನು ಕಾರ್ಬೈಡ್ ಅನ್ನುವ ಗಟ್ಟಿ ಕಣ ಮಾಡಿ ಎತ್ತಿಟ್ಟುಕೊಂಡು ಬಿಡುತ್ತದೆ. ಅದಕ್ಕೇ ಡಿ2ವನ್ನು ಪೂರ್ತಿ ಸ್ಟೇನ್‌ಲೆಸ್ ಅನ್ನುವುದಿಲ್ಲ.

ತುಕ್ಕುವೈರಿ
ಈಗ ಎಲ್‌ಸಿ200ಎನ್ ಉಕ್ಕಿನದು ಇಟ್ಟುಕೊಂಡಿದ್ದೇನೆ. ಇಂಗಾಲ ಕಡಿಮೆ ಮಾಡಿ ನೈಟ್ರೋಜನ್ ಸೇರಿಸಿದ ಉಕ್ಕು. ಕೋಟಿಂಗ್ ಇಲ್ಲ, ಬೆಳ್ಳಗೆ ಹೊಳೆಯುತ್ತದೆ. ಎರಡು ವರ್ಷ ಆಯಿತು, ಒಂದು ಚುಕ್ಕೆ ಇಲ್ಲ.

ಬರಿಉಕ್ಕು
ನನ್ನ ಜನ ಬಂದರು.

ಪದಜಿಪುಣ
ವಿಷಯ ಬಿಟ್ಟು ಒಂದು ಮಾತು. ಎಲ್ಲರೂ ಕೋಟಿಂಗ್ ಕೋಟಿಂಗ್ ಅಂತಿದ್ದೀರಲ್ಲ, ಲೇಪ ಅನ್ನಬಾರದಾ?

ಸಾಣೆಯವ
ಲೇಪ ಅಂದರೆ ಗಂಧ ಬಳಿದ ಹಾಗೆ ಕೇಳಿಸುತ್ತದೆ. ಸಾಣೆಗೆ ಬರುವ ಒಬ್ಬರೂ ಲೇಪ ಹೋಗಿದೆ ಅಂದಿದ್ದು ನಾನು ಕೇಳಿಲ್ಲ. ಬಣ್ಣ ಹೋಗಿದೆ ಅಂತಾರೆ. ಅದೇ ಸರಿ ಅನಿಸುತ್ತದೆ, ಮುಕ್ಕಾಲು ಪಾಲು ಬಣ್ಣವೇ.

ಪದಜಿಪುಣ
ಮತ್ತೆ "ಚಾಕಿನ ಬಾಯಿ" ಅಂತ ಎಷ್ಟು ಚೆನ್ನಾಗಿ ಬರೆಯುತ್ತೀರಿ! ಅದಿರಲಿ, ಮುಂದುವರಿಸಿ.

ತಾನೇಬಳಿದವ
ನಗಬೇಡಿ ಅಂತ ಮೊದಲೇ ಹೇಳುತ್ತೇನೆ. ನಾನು ಮನೆಯಲ್ಲೇ ಸೆರಕೋಟ್ (ಸ್ಪ್ರೇ ಮಾಡಿ ಕಾಯಿಸುವ ಸೆರಾಮಿಕ್ ಬಣ್ಣ) ಥರದ್ದು ತಂದು ಅಲಗಿಗೆ ಹೊಡೆದೆ. ಚಾಕು ಬಿಚ್ಚಿದೆ, ಎಣ್ಣೆ ತೆಗೆದೆ, ಸ್ಪ್ರೇ ಮಾಡಿದೆ, ಡಬ್ಬದ ಮೇಲೆ ಬರೆದಿದ್ದಂತೆ 120 ಡಿಗ್ರಿಯಲ್ಲಿ ಎರಡು ಗಂಟೆ ಒವನ್‌ನಲ್ಲಿಟ್ಟೆ. ನೋಡಲು ಏನು ಚೆಂದ ಗೊತ್ತಾ! ಜೋಡಿಸಿದೆ. ಬಿಚ್ಚುವುದಕ್ಕೆ ಎರಡು ಕೈ ಬೇಕಾಯಿತು.

ಕೀಲಿನ ಸ್ಕ್ರೂ ಸಡಿಲ ಮಾಡಿದೆ. ಆಗ ಸಲೀಸಾಗಿ ತಿರುಗಿತು. ಎರಡು ವಾರಕ್ಕೆ ಅಲಗು ಪಕ್ಕಕ್ಕೆ ಅಲ್ಲಾಡತೊಡಗಿತು. ಲಾಕ್ ಕೂಡ ಮೊದಲಿನಷ್ಟು ಬಿಗಿ ಇಲ್ಲ. ಒಂದು ದಿನ ಹಗ್ಗ ಕತ್ತರಿಸುವಾಗ ಲಾಕ್ ಚೂರು ಜಾರಿದ್ದು ಕೈಗೆ ಗೊತ್ತಾಯಿತು. ಎದೆ ಝಲ್ ಅಂತು. ಅಲ್ಲಿಗೆ ನಿಲ್ಲಿಸಿದೆ.

ಸಾಣೆಯವ
ಬೆರಳು ಉಳಿಯಿತಲ್ಲ, ಅದಕ್ಕೆ ಖುಷಿ ಪಡಿ. ಲೆಕ್ಕ ಹಾಕಿ: ಆ ಬಣ್ಣ ಒಂದು ಪಕ್ಕಕ್ಕೆ 25 ಮೈಕ್ರಾನ್. ಎರಡು ಪಕ್ಕ ಸೇರಿ 50. ಕೈ ದಪ್ಪ ಆಗಿದ್ದರೆ ಇನ್ನೂ ಜಾಸ್ತಿ. ಎರಡು ವಾಷರ್ ನಡುವೆ ಅಷ್ಟು ಜಾಗ ಎಲ್ಲಿರುತ್ತದೆ? ಅದಕ್ಕೇ ಕೀಲಿನ ಸುತ್ತ ಮತ್ತು ಲಾಕ್ ಬಂದು ಕೂರುವ ಮುಖಕ್ಕೆ ಟೇಪ್ ಹಚ್ಚಿ ಮುಚ್ಚಿಟ್ಟು ಆಮೇಲೆ ಬಣ್ಣ ಹೊಡೆಯಬೇಕು. ನಿಮ್ಮ ಲಾಕ್ ಉಕ್ಕಿನ ಮೇಲೆ ಕೂತಿರಲಿಲ್ಲ, ಬಣ್ಣದ ಮೇಲೆ ಕೂತಿತ್ತು. ಬಣ್ಣ ಸವೆಯಿತು, ಲಾಕ್ ಜಾಗ ಬಿಟ್ಟಿತು.

ಮಡಚದ ಚಾಕು ಆಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಮಡಚುವ ಚಾಕಿಗೆ ತೆಳ್ಳಗಿನ ಕೋಟಿಂಗ್ ಹಾಕುವುದಕ್ಕೆ ಇದೂ ಒಂದು ಕಾರಣ. 2–3 ಮೈಕ್ರಾನ್ ಕೀಲಿಗೆ ಗೊತ್ತೇ ಆಗುವುದಿಲ್ಲ.

ತಾನೇಬಳಿದವ
ಈಗ ಆ ಎರಡು ಜಾಗದ ಬಣ್ಣ ಪೂರ್ತಿ ತೆಗೆದು ಮತ್ತೆ ಜೋಡಿಸಿದ್ದೇನೆ. ಅಲ್ಲಾಟ ಇಲ್ಲ, ಲಾಕೂ ಸರಿಯಾಗಿ ಕೂರುತ್ತದೆ.

ಹಿತ್ತಲಮಾಲಿ
ಹಾಗಾದರೆ ಚಿನ್ನದ ಬಣ್ಣದ ಡ್ರಿಲ್ ಬಿಟ್ ಬರುತ್ತದಲ್ಲ, ಅದನ್ನು ಚಾಕಿಗೆ ಯಾಕೆ ಹಾಕುವುದಿಲ್ಲ? ಕಾಂಕ್ರೀಟೇ ಕೊರೆಯುತ್ತದೆ.

ಲೋಹಪಾಠ
ಕಾಂಕ್ರೀಟ್ ಕೊರೆಯುವುದು ತುದಿಯಲ್ಲಿ ಕೂರಿಸಿದ ಕಾರ್ಬೈಡ್ ತುಂಡು ಮೇಡಂ, ಚಿನ್ನದ ಬಣ್ಣ ಅಲ್ಲ. ಆ ಬಣ್ಣ ಟೈಟಾನಿಯಂ ನೈಟ್ರೈಡ್. ಗಟ್ಟಿತನ 2,300ರ ಸುಮಾರು. ಚಾಕಿಗೂ ಹಾಕುತ್ತಾರೆ. ಅದರಲ್ಲೇ ಇಂಗಾಲ ಸೇರಿಸಿದರೆ ಬೂದು ಬಣ್ಣದ್ದು ಬರುತ್ತದೆ, ಅದು ಇನ್ನೂ ಗಟ್ಟಿ.

ತೊಂದರೆ ಬಿಸಿಯದ್ದು. ಡ್ರಿಲ್ ಬಿಟ್‌ಗೆ ಇದನ್ನು ಹಾಕುವಾಗ 400–500 ಡಿಗ್ರಿಗೆ ಹೋಗುವುದುಂಟು. ಆ ಹೈಸ್ಪೀಡ್ ಸ್ಟೀಲ್ ಅದಕ್ಕಿಂತ ಜಾಸ್ತಿ ಬಿಸಿಯಲ್ಲೇ ಹದ ಆಗಿರುತ್ತದೆ, ಏನೂ ಆಗುವುದಿಲ್ಲ. ಚಾಕಿನ ಉಕ್ಕುಗಳನ್ನು ಎಷ್ಟೋ ಸಲ 200 ಡಿಗ್ರಿ ಆಸುಪಾಸು ಹದ ಮಾಡಿರುತ್ತಾರೆ. ಅದನ್ನು 450ಕ್ಕೆ ಏರಿಸಿದರೆ ಹದ ಹೋಯಿತು, ಉಕ್ಕು ಮೆತ್ತಗಾಯಿತು. ಮೇಲೆ ಚಿನ್ನದಂಥ ಕೋಟಿಂಗ್, ಒಳಗೆ ಮೊಂಡು ಉಕ್ಕು. ಡಿಎಲ್‌ಸಿಯನ್ನು 200 ಡಿಗ್ರಿಗಿಂತ ಕೆಳಗೂ ಕೂರಿಸಬಹುದು, ಅದು ಚಾಕಿಗೆ ಹೊಂದಲು ಮುಖ್ಯ ಕಾರಣ.

ಮೊಂಡಪ್ಪ
ಮೊಂಡು ಅಂದಿರಾ? ಕರೆದಿರಾ?

ಕಪ್ಪೇಚೆಂದ
ಮೇಷ್ಟ್ರೇ, ನನ್ನ ಆರು ವರ್ಷದ ಚಾಕು ನಿಜವಾಗಿ ಡಿಎಲ್‌ಸಿಯಾ ಅಂತ ಈಗ ಅನುಮಾನ ಬಂತು. ಮನೆಯಲ್ಲೇ ಹೇಗೆ ಕಂಡುಹಿಡಿಯೋದು?

ಲೋಹಪಾಠ
ಖಚಿತವಾಗಿ ಹೇಳಲು ಯಂತ್ರ ಬೇಕು. ಆದರೆ ಯಾವುದು ಅಲ್ಲ ಅಂತ ಮನೆಯಲ್ಲೇ ಹೇಳಬಹುದು. ಹಿಡಿಯ ಒಳಗೆ ಹೋಗುವ ಜಾಗದಲ್ಲಿ ಮಾಡಿ, ಕಾಣುವ ಕಡೆ ಬೇಡ.

ಹಿತ್ತಾಳೆ ಕೀಲಿಕೈ ತಗೊಂಡು ಗಟ್ಟಿಯಾಗಿ ಎಳೆಯಿರಿ. ಬಣ್ಣ ಆದರೆ ಕೀಲಿಕೈ ಅದನ್ನು ಕೆರೆದು ಹೋಗುತ್ತದೆ. ಗಟ್ಟಿ ಕೋಟಿಂಗ್ ಆದರೆ ಅದರ ಮೇಲೆ ಹಿತ್ತಾಳೆಯೇ ಹಳದಿ ಗೆರೆಯಾಗಿ ಉಳಿಯುತ್ತದೆ. ಇನ್ನೊಂದು, ವಿನೆಗರ್ ಒಂದು ತೊಟ್ಟು ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಕೆಳಗೆ ಬೂದು ಆದರೆ ಅದು ಬ್ಲ್ಯಾಕ್ ಆಕ್ಸೈಡ್. ಅದು ಹೊರಗಿನಿಂದ ಹಾಕಿದ ಪದರವೂ ಅಲ್ಲ, ಕ್ಷಾರದ ದ್ರಾವಣದಲ್ಲಿ 140 ಡಿಗ್ರಿ ಹತ್ತಿರ ಕುದಿಸಿ ಉಕ್ಕಿನ ಮೇಲ್ಮೈಯನ್ನೇ ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಕಪ್ಪು ಆಕ್ಸೈಡ್ ಮಾಡಿರುತ್ತಾರೆ. ಎಣ್ಣೆ ಸವರಿಟ್ಟರೆ ತುಕ್ಕಿಗೆ ಸ್ವಲ್ಪ ಅಡ್ಡಿ, ಎಣ್ಣೆ ಇಲ್ಲದಿದ್ದರೆ ಬರೀ ಬಣ್ಣ. ಡಿಎಲ್‌ಸಿಗೆ ವಿನೆಗರ್ ಲೆಕ್ಕಕ್ಕಿಲ್ಲ. ಆಮೇಲೆ ತೊಳೆದು ಒರೆಸಲು ಮರೆಯಬೇಡಿ.

ಕಪ್ಪೇಚೆಂದ
ಮಾಡಿದೆ. ಬೂದು ಆಯಿತು.

ಬರಿಉಕ್ಕು
ನಾನು ಏನೂ ಹೇಳುವುದಿಲ್ಲ.

ಕಪ್ಪೇಚೆಂದ
ಹೇಳಿ ಬಿಡಿ, ತಡೆದುಕೊಂಡರೆ ಹೊಟ್ಟೆ ಉಬ್ಬುತ್ತದೆ.

ಬರಿಉಕ್ಕು
ಇಲ್ಲ, ಈ ಸಲ ಗಂಭೀರವಾಗಿಯೇ ಹೇಳುತ್ತೇನೆ. ಆರು ವರ್ಷ ಬಂತಲ್ಲ, ಅದು ನಿಮ್ಮ ಒರೆಸುವ ಅಭ್ಯಾಸದಿಂದ ಬಂದದ್ದು. ಬ್ಲ್ಯಾಕ್ ಆಕ್ಸೈಡ್ ಆರು ವರ್ಷ ಉಳಿಸಿಕೊಂಡವರು ಬರಿ ಉಕ್ಕನ್ನೂ ಉಳಿಸಿಕೊಳ್ಳುತ್ತಾರೆ. ನನಗೆ ಕೋಟಿಂಗ್ ಮೇಲೆ ದ್ವೇಷ ಇಲ್ಲ. ಗೀರು ಬಿದ್ದಾಗ ಕಪ್ಪಿನ ಮೇಲೆ ಬಿಳಿ ಎದ್ದು ಕಾಣುತ್ತದೆ, ಅದೇ ಕಿರಿಕಿರಿ. ಕಲ್ಲಿನ ಚೂರುಗಳ ಜೊತೆ ಡ್ರಮ್ಮಿನಲ್ಲಿ ಉರುಳಿಸಿದ ಸ್ಟೋನ್‌ವಾಶ್ ಅಲಗು ನೋಡಿ. ಮೊದಲೇ ಮೈತುಂಬ ಸಣ್ಣ ಗೀರು. ನೀವು ಹಾಕುವ ಹೊಸ ಗೀರು ಅದರಲ್ಲಿ ಕಳೆದುಹೋಗುತ್ತದೆ.

ಸಾಣೆಯವ
ಇದಕ್ಕೆ ಒಂದು ಸೇರಿಸುತ್ತೇನೆ. ಕೋಟಿಂಗ್ ಕೆಳಗಿನ ಮೈ ಹೇಗಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮರಳು ಹೊಡೆದು ಒರಟು ಮಾಡಿದ ಮೈ ಮೇಲೆ ಹಾಕಿದ್ದರೆ ಉಬ್ಬುಗಳ ತುದಿಯಲ್ಲಿ ಮೊದಲು ಸವೆದು ಬೆಳ್ಳಗಾಗುತ್ತದೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಪಾಲಿಶ್ ಮಾಡಿ ಹಾಕಿದ್ದು ನಿಧಾನಕ್ಕೆ, ಒಂದೇ ಸಮ ಸವೆಯುತ್ತದೆ. ಇಬ್ಬರು ಒಂದೇ ಕೋಟಿಂಗ್ ಹೆಸರು ಹೇಳಿ ಒಬ್ಬರು ಹೊಗಳಿ ಒಬ್ಬರು ಬೈದರೆ ಆಶ್ಚರ್ಯ ಪಡಬೇಡಿ.

ಮಡಚುಗತ್ತಿ ಅವರೇ, ಎಲ್ಲಿ ಹೋದಿರಿ? ಪೆನ್ಸಿಲ್ ಅಳಿಸುವ ರಬ್ಬರ್ ತಗೊಂಡು ಆ ಬೂದು ಗೀರು ಉಜ್ಜಿ. ಬೆನ್ನಿನ ಕಡೆಯಿಂದ ಹಿಡಿದು ಉಜ್ಜಿ, ಬಾಯಿಯ ಕಡೆಗೆ ಬೆರಳು ತರಬೇಡಿ. ಬಾಯಿಯ ಚುಕ್ಕೆಗಳಿಗೆ ನಾಲ್ಕು ಎಳೆತ ಸಾಣೆ, ಆಮೇಲೆ ಒಂದು ತೊಟ್ಟು ಮಿನರಲ್ ಆಯಿಲ್.

ಮಡಚುಗತ್ತಿ
ಎಲ್ಲಾ ಓದುತ್ತಾ ಇದ್ದೆ ಸರ್. ಮಗಳ ಕಂಪಾಸು ಡಬ್ಬಿಯಿಂದ ರಬ್ಬರ್ ತೆಗೆದು ಉಜ್ಜಿದೆ. ಮೊದಲು ಏನೂ ಆಗಲಿಲ್ಲ. ಒಂದು ನಿಮಿಷ ಬಿಡದೆ ಉಜ್ಜಿದ ಮೇಲೆ ರಬ್ಬರ್ ತುದಿ ಬೂದು ಆಯಿತು, ಗೀರು ಮಾಯ! ಕೆಳಗೆ ಕಪ್ಪು ಹಾಗೇ ಇದೆ. ಐದರಲ್ಲಿ ಮೂರು ಹೋದವು. ಉಗುರು ಸಿಕ್ಕುತ್ತಿದ್ದ ಎರಡು ಉಳಿದವು. ಅವು ಯಾವಾಗ ಬಿದ್ದವು ಅಂತಲೂ ಈಗ ನೆನಪಾಯಿತು, ಒಂದು ದಿನ ಮರದ ಪೆಟ್ಟಿಗೆಯ ಮೊಳೆ ಮೀಟಿದ್ದೆ. ತಪ್ಪು ನನ್ನದೇ. ಹಿತ್ತಾಳೆ ಕೀಲಿಕೈ ಹಳದಿ ಗೆರೆ ಬಿಟ್ಟಿತು. ವಿನೆಗರ್ ಬಿಟ್ಟೆ, ಏನೂ ಆಗಲಿಲ್ಲ.

ಸಾಣೆಯೂ ಹಿಡಿದೆ, ಎಣ್ಣೆಯೂ ಹಾಕಿದೆ. ಒಂದೇ ಒಂದು ಎಡವಟ್ಟು. ರಬ್ಬರ್ ಪುಡಿ ಎಲ್ಲಾ ಎಣ್ಣೆ ಜೊತೆ ಸೇರಿ ಕೀಲಿನೊಳಗೆ ಹೋಗಿ ಕೂತಿದೆ. ಅಲಗು ಬಿಚ್ಚಿದರೆ ಕರಕರ ಅನ್ನುತ್ತದೆ. ಇದಕ್ಕೇನು ಮಾಡಲಿ?

ಮೊಂಡಪ್ಪ
ಊದಿ.

ಸಾಣೆಯವ
ಊದಿದರೆ ಬರಲ್ಲ, ಎಣ್ಣೆ ಹಿಡಿದಿರುತ್ತದೆ. ಕೀಲಿನ ಸ್ಕ್ರೂ ಬಿಚ್ಚಿ, ವಾಷರ್ ಒರೆಸಿ ಹಾಕಿ. ಬಿಚ್ಚುವ ಮೊದಲು ಯಾವ ವಾಷರ್ ಯಾವ ಕಡೆ ಇತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಡಿಟೆಂಟ್ ಗುಂಡಿನ ಗೆರೆ ಕಾಣುತ್ತದೆ, ಅದನ್ನು ಮಾತ್ರ ರಬ್ಬರ್ ಹಾಕಿ ಉಜ್ಜಲು ಹೋಗಬೇಡಿ.

ಮಡಚುಗತ್ತಿ
ಆಗಲೇ ಉಜ್ಜಿದ್ದೆ ಸರ್. ಹೋಗಲಿಲ್ಲ.